ಬೇಡ ಅಂದವರು 94 ಜನ

ಮಾನ್ಯ ಸಂಪಾದಕರೇ,

ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಬಗ್ಗೆ ಕಳೆದ ಭಾನುವಾರ ನಿಮ್ಮ ಓದುಗರ ಅಂಕಣದಲ್ಲಿ ಒಂದು ಪತ್ರ ಬಂದಿತ್ತು. ಅದರಲ್ಲೊಂದು ಸಾಲು ಹೀಗಿದೆ: “ವರ್ಸೇಲ್ಸ್ ಒಪ್ಪಂದದಿಂದ ಅವಮಾನಗೊಂಡಿದ್ದ ಜರ್ಮನರು ಹಿಟ್ಲರನನ್ನು ಭಾರಿ ಬಹುಮತದಿಂದ ಗೆಲ್ಲಿಸಿ ಗದ್ದುಗೆ ಮೇಲೆ ಕೂರಿಸಿದರು.” ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ವರ್ಷವರ್ಷವೂ ನಾನೇ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಅದು ತಪ್ಪು. ತಪ್ಪೆಂದು ಗೊತ್ತಾದ ಮೇಲೂ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಪತ್ರ ಉದ್ದವಾಗಿದೆ, ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ.

ನಾನು ತಿಪಟೂರು ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು 2014ರಲ್ಲಿ ನಿವೃತ್ತನಾದವನು. ಜರ್ಮನಿಯಲ್ಲಿ ನಾಜಿ ಪಕ್ಷ ಬೆಳೆಯಲು ಕಾರಣಗಳೇನು ಎಂಬುದು ನಮ್ಮಲ್ಲಿ ನಾಲ್ಕು ಅಂಕದ ಪ್ರಶ್ನೆ. ನಾಲ್ಕು ಅಂಕಕ್ಕೆ ನಾಲ್ಕು ಪಾಯಿಂಟು: ವರ್ಸೇಲ್ಸ್ ಒಪ್ಪಂದ, ಆರ್ಥಿಕ ಕುಸಿತ, ಹಿಟ್ಲರನ ಭಾಷಣ ಚಾತುರ್ಯ, ಜನಬೆಂಬಲ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ನಾನು ಕೆಂಪು ಶಾಯಿಯಲ್ಲಿ ರೈಟು ಹಾಕುತ್ತಿದ್ದೆ. ಒಂದು ದಿನ ಊಟದ ನಂತರದ ಪೀರಿಯಡ್ಡಿನಲ್ಲಿ ಈ ನಾಲ್ಕನ್ನೂ ಬರೆಸಿ ಮುಗಿಸುವ ಹೊತ್ತಿಗೆ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಅಷ್ಟು ದೊಡ್ಡ ದೇಶದಲ್ಲಿ ಬೇಡ ಅಂತ ಒಬ್ರೂ ಹೇಳ್ಲಿಲ್ವಾ ಸಾರ್?” ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. “ಅದು ಪರೀಕ್ಷೆಗೆ ಬರಲ್ಲ ಕಣಮ್ಮ, ಕೂತ್ಕೋ” ಅಂದೆ. ಕೂತಳು. ಆಮೇಲೆ ಆ ವರ್ಷವಿಡೀ ಅವಳು ನನ್ನ ಪಾಠದಲ್ಲಿ ಇನ್ನೊಂದು ಪ್ರಶ್ನೆ ಕೇಳಿದ ನೆನಪಿಲ್ಲ. ಆ ಸಂಕಟಕ್ಕೇ ನಾನು ಓದಲು ಶುರು ಮಾಡಿದ್ದು. ಸಿಕ್ಕಿದ ಪುಸ್ತಕವನ್ನೆಲ್ಲ ಓದಿದೆ. ಅರ್ಥವಾಗದ ಕಡೆ ನಿಘಂಟು ಇಟ್ಟುಕೊಂಡು ಮತ್ತೆ ಓದಿದೆ.

ಮೊದಲು ಬಹುಮತದ ಮಾತು. ಸರಿಯಾಗಿ ನಡೆದ ಯಾವ ಚುನಾವಣೆಯಲ್ಲೂ ಜರ್ಮನರು ಹಿಟ್ಲರನಿಗೆ ಬಹುಮತ ಕೊಡಲಿಲ್ಲ. 1928ರ ಮೇ ತಿಂಗಳಲ್ಲಿ ಅವನ ಪಕ್ಷಕ್ಕೆ ಬಿದ್ದದ್ದು ಶೇ 2.6 ಮತ, ಸಿಕ್ಕಿದ್ದು 12 ಸ್ಥಾನ. 1932ರ ಏಪ್ರಿಲ್‌ನಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಅವನು ನೇರವಾಗಿ ನಿಂತಾಗ ವಯೋವೃದ್ಧ ಸೇನಾನಿ ಹಿಂಡೆನ್‌ಬರ್ಗ್‌ಗೆ ಶೇ 53 ಮತ ಬಂತು, ಇವನಿಗೆ ಶೇ 36.8. ಅದೇ ಜುಲೈನಲ್ಲಿ ಪಕ್ಷ ಉತ್ತುಂಗಕ್ಕೇರಿ ಶೇ 37.3 ಮತ, 230 ಸ್ಥಾನ ಪಡೆಯಿತು. ನವೆಂಬರ್‌ನಲ್ಲಿ ಮತ್ತೆ ಚುನಾವಣೆ ನಡೆದಾಗ ಶೇ 33.1ಕ್ಕೆ, 196 ಸ್ಥಾನಕ್ಕೆ ಇಳಿಯಿತು. ಮೂರು ತಿಂಗಳ ಚಿಲ್ಲರೆಯಲ್ಲಿ ಇಪ್ಪತ್ತು ಲಕ್ಷ ಮತ ಕೈಬಿಟ್ಟು ಹೋಗಿದ್ದವು. ಪಕ್ಷದ ಬೊಕ್ಕಸ ಬರಿದಾಗಿತ್ತು. ಸಂಘಟನೆಯ ಬೆನ್ನೆಲುಬಾಗಿದ್ದ ಗ್ರೆಗೋರ್ ಸ್ಟ್ರಾಸರ್ ಡಿಸೆಂಬರ್‌ನಲ್ಲಿ ಹುದ್ದೆಗಳಿಗೆಲ್ಲ ರಾಜೀನಾಮೆ ಕೊಟ್ಟು ಹೋದ. 1933ರ ಹೊಸ ವರ್ಷದ ಸಂಚಿಕೆಗಳಲ್ಲಿ ಜರ್ಮನಿಯ ಕೆಲವು ಪತ್ರಿಕೆಗಳು ಗಂಡಾಂತರ ಕಳೆಯಿತೆಂದೇ ಬರೆದವು. ಮೂವತ್ತು ದಿನಕ್ಕೆ ಹಿಟ್ಲರ್ ಚಾನ್ಸಲರ್, ಅಂದರೆ ಅಲ್ಲಿನ ಪ್ರಧಾನಿ, ಆದ.

ಇನ್ನು ವರ್ಸೇಲ್ಸ್. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಗೆದ್ದವರು ಹೇರಿದ ಈ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರಲ್ಲಿ, ಹಿಟ್ಲರ್ ಗದ್ದುಗೆ ಏರಿದ್ದು 1933ರಲ್ಲಿ. ನಡುವೆ ಹದಿನಾಲ್ಕು ವರ್ಷ. ಅವಮಾನವೊಂದೇ ಕಾರಣವಾಗಿದ್ದರೆ ಆ ಗಾಯ ಹಸಿಯಾಗಿದ್ದಾಗಲೇ ಅವನು ಗೆಲ್ಲಬೇಕಿತ್ತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು, ಜನ ಜೀವಮಾನವಿಡೀ ಕೂಡಿಟ್ಟದ್ದು ಮಣ್ಣಾಗಿತ್ತು. ಆಗ ಮ್ಯೂನಿಕ್ಕಿನಲ್ಲಿ ಅವನು ದಂಗೆ ಎದ್ದು ಸೋತು ಸೆರೆಮನೆ ಸೇರಿದ. ಅದಾಗಿ ಐದು ವರ್ಷಕ್ಕೆ ಬಂದದ್ದೇ ಆ ಶೇ 2.6. ಯುದ್ಧ ಪರಿಹಾರದ ಹೊರೆಯೂ 1932ರ ಜುಲೈನಲ್ಲಿ ಲೌಸಾನ್ ಸಮ್ಮೇಳನದಲ್ಲಿ ಬಹುಮಟ್ಟಿಗೆ ಇಳಿದುಹೋಗಿತ್ತು. ಅದಾಗಿ ಆರು ತಿಂಗಳಿಗೆ ಇವನು ಬಂದ. ವರ್ಸೇಲ್ಸ್‌ನ ಕಹಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅದನ್ನೊಂದನ್ನೇ ಬರೆಸಿ ಮುಗಿಸಿದರೆ, 1930ರಿಂದ ಈಚೆಗೆ ಯಾರು ಯಾರು ಏನೇನು ಮಾಡಿದರು ಎಂಬುದನ್ನು ನಾವು ಕೇಳುವುದೇ ಇಲ್ಲ.

1930ರ ಮಾರ್ಚ್‌ನಲ್ಲಿ ಜರ್ಮನಿಯ ಮಿಶ್ರ ಸರ್ಕಾರವೊಂದು ಬಿತ್ತು. ಜಗಳ ನಿರುದ್ಯೋಗ ವಿಮೆಯ ವಂತಿಗೆಯನ್ನು ಮೂರೂವರೆಯಿಂದ ನಾಲ್ಕು ಶೇಕಡಾಕ್ಕೆ ಏರಿಸಬೇಕೋ ಬೇಡವೋ ಎಂಬುದರದು. ಅರ್ಧ ಶೇಕಡಾ! ಸಂಸತ್ತಿನಲ್ಲಿ ಬಹುಮತವಿದ್ದ ಕೊನೆಯ ಸರ್ಕಾರ ಅದೇ. ಮುಂದೆ ಬಂದ ಚಾನ್ಸಲರ್ ಬ್ರ್ಯೂನಿಂಗ್ ಖರ್ಚು ಕಡಿತಕ್ಕೆ ಸಂಸತ್ತು ಒಪ್ಪದಿದ್ದಾಗ ಸಂವಿಧಾನದ 48ನೇ ವಿಧಿ ಹಿಡಿದು ರಾಷ್ಟ್ರಾಧ್ಯಕ್ಷರ ಸುಗ್ರೀವಾಜ್ಞೆಯಲ್ಲಿ ಅದನ್ನು ಜಾರಿ ಮಾಡಿದ. ಸಂಸತ್ತು ತಿರುಗಿಬಿತ್ತು, ಅದನ್ನು ವಿಸರ್ಜಿಸಿದ. ಆ ಸೆಪ್ಟೆಂಬರ್‌ನ ಚುನಾವಣೆಯಲ್ಲಿ ನಾಜಿಗಳ 12 ಸ್ಥಾನ 107 ಆಯಿತು. ಬ್ರ್ಯೂನಿಂಗ್ ದುಷ್ಟನಲ್ಲ, ಪ್ರಾಮಾಣಿಕ ಮನುಷ್ಯ. ಆದರೆ ಸಂಬಳ ಕಡಿತ, ಪಿಂಚಣಿ ಕಡಿತ, ತೆರಿಗೆ ಏರಿಕೆ ಬಿಟ್ಟರೆ ಅವನ ಹತ್ತಿರ ಬೇರೆ ಮದ್ದು ಇರಲಿಲ್ಲ. 1932ರ ಆರಂಭಕ್ಕೆ ಅರವತ್ತು ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದರು. ಆ ವರ್ಷ ಸಂಸತ್ತು ಅಂಗೀಕರಿಸಿದ ಕಾನೂನು ಬರೀ ಐದು. ಹೊರಬಿದ್ದ ಸುಗ್ರೀವಾಜ್ಞೆಗಳು ಅರವತ್ತರ ಆಸುಪಾಸು. ಹಿಟ್ಲರ್ ಬರುವ ಮೊದಲೇ ಜರ್ಮನರಿಗೆ ಸಂಸತ್ತಿಲ್ಲದ ಆಡಳಿತ ರೂಢಿಯಾಗಿತ್ತು ಎಂಬುದನ್ನು ನಾನು ಮಕ್ಕಳಿಗೆ ಒಮ್ಮೆಯೂ ಹೇಳಲಿಲ್ಲ.

1932ರ ನವೆಂಬರ್‌ನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮಿತವಾದಿ ಸಮಾಜವಾದಿಗಳಾದ ಸೋಶಿಯಲ್ ಡೆಮಾಕ್ರಟರಿಗೆ 121 ಸ್ಥಾನ, ಕಮ್ಯುನಿಸ್ಟರಿಗೆ 100. ಕೂಡಿಸಿದರೆ 221, ನಾಜಿಗಳಿಗಿಂತ 25 ಹೆಚ್ಚು. ಕೂಡಿಸುವವರು ಯಾರು? ಸೋಶಿಯಲ್ ಡೆಮಾಕ್ರಟರನ್ನು ‘ಸಾಮಾಜಿಕ ಫ್ಯಾಸಿಸ್ಟರು’ ಎಂದು ಕರೆಯಬೇಕೆಂದು ಮಾಸ್ಕೋದಿಂದ ಅಪ್ಪಣೆಯಾಗಿತ್ತು. ಜರ್ಮನಿಯ ಕಮ್ಯುನಿಸ್ಟರು ಅದನ್ನು ಶಿರಸಾ ವಹಿಸಿ ಪಾಲಿಸಿದರು. ಸೋಶಿಯಲ್ ಡೆಮಾಕ್ರಟರಿಗೂ 1919ರಲ್ಲಿ ಕಮ್ಯುನಿಸ್ಟರ ದಂಗೆಯನ್ನು ತಮ್ಮ ಸರ್ಕಾರ ಹತ್ತಿಕ್ಕಿದಾಗಿನ ರಕ್ತಪಾತದ ನೆನಪು ಮಾಸಿರಲಿಲ್ಲ, ಅವರೂ ಕೈ ಚಾಚಲಿಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ಯಂತ್ರದ ಆಚೆ ಈಚೆ ನಿಂತವರು ಸಂಜೆ ಬೀದಿಯಲ್ಲಿ ಹೊಡೆದಾಡಿಕೊಂಡರು.

ಇತ್ತ ಮೇಲಿನವರ ಲೆಕ್ಕಾಚಾರ ಬೇರೆಯೇ ಇತ್ತು. ಫ್ರಾನ್ಸ್ ಫಾನ್ ಪಾಪನ್ ಎಂಬ ಶ್ರೀಮಂತ ಮನೆತನದ ಮನುಷ್ಯ 1932ರ ಜೂನ್‌ನಿಂದ ನವೆಂಬರ್‌ವರೆಗೆ ಚಾನ್ಸಲರ್ ಆಗಿದ್ದ. ಜುಲೈ 20ರಂದು ಅವನು ಪ್ರಷ್ಯಾ ಪ್ರಾಂತ್ಯದ ಚುನಾಯಿತ ಸರ್ಕಾರವನ್ನು ಒಂದು ಸುಗ್ರೀವಾಜ್ಞೆಯಲ್ಲಿ ಕಿತ್ತುಹಾಕಿದ. ಜರ್ಮನಿಯ ಐದರಲ್ಲಿ ಮೂರು ಪಾಲು ಜನ ಇದ್ದದ್ದು ಪ್ರಷ್ಯಾದಲ್ಲಿ. ಅಲ್ಲಿನ ಪೊಲೀಸ್ ಪಡೆಯೇ ಗಣರಾಜ್ಯದ ಕಾವಲು. ಕುರ್ಚಿ ಹೋದ ಮೇಲೆ ಪಾಪನ್‌ಗೆ ತನ್ನ ನಂತರ ಬಂದ ಜನರಲ್ ಶ್ಲೈಖರ್ ಮೇಲೆ ಹಗೆ. 1933ರ ಜನವರಿ 4ರಂದು ಕಲೋನ್ ನಗರದಲ್ಲಿ ಬ್ಯಾಂಕರ್ ಕುರ್ಟ್ ಫಾನ್ ಶ್ರೋಡರ್ ಮನೆಯಲ್ಲಿ ಪಾಪನ್ ಮತ್ತು ಹಿಟ್ಲರ್ ಗುಟ್ಟಾಗಿ ಭೇಟಿಯಾದರು. ಹಿಟ್ಲರನನ್ನು ಚಾನ್ಸಲರ್ ಮಾಡಲು ತಿಂಗಳ ಕೊನೆಗೆ ಮುದುಕ ಹಿಂಡೆನ್‌ಬರ್ಗ್‌ನನ್ನು ಒಪ್ಪಿಸಲಾಯಿತು. ಜನವರಿ 30ರ ಸಂಪುಟದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂವರೇ, ಮಿಕ್ಕವರೆಲ್ಲ ಹಳೆಯ ಸಂಪ್ರದಾಯಸ್ಥರು. ಎರಡು ತಿಂಗಳಲ್ಲಿ ಅವನನ್ನು ಮೂಲೆಗೆ ಒತ್ತಿಬಿಡುತ್ತೇವೆಂದು ಉಪ ಚಾನ್ಸಲರ್ ಆದ ಪಾಪನ್ ಸ್ನೇಹಿತರಿಗೆ ಧೈರ್ಯ ಹೇಳಿದ. ಆ ಮೂವರಲ್ಲಿ ಒಬ್ಬನಾದ ಗೋರಿಂಗ್ ಕೈಗೆ ಸಿಕ್ಕಿದ್ದು ಇದೇ ಪ್ರಷ್ಯಾದ ಪೊಲೀಸ್ ಇಲಾಖೆ! ಜುಲೈನಲ್ಲಿ ಪಾಪನ್ ಕಿತ್ತಿಟ್ಟಿದ್ದನ್ನು ಗೋರಿಂಗ್ ಜನವರಿಯಲ್ಲಿ ಎತ್ತಿಕೊಂಡ. ಫೆಬ್ರವರಿಯಲ್ಲಿ ನಾಜಿ ಪಕ್ಷದ ಕಂದು ಅಂಗಿಯ ಬೀದಿ ಪುಂಡರ ತೋಳಿಗೆ ಬಿಳಿ ಪಟ್ಟಿ ಕಟ್ಟಿ ‘ಸಹಾಯಕ ಪೊಲೀಸ್’ ಎಂದು ಬಂದೂಕು ಕೊಟ್ಟ.

ನಮ್ಮ ಭಾಷೆಯಲ್ಲಿ ‘ನಿರಂಕುಶ’ ಎಂಬ ಮಾತಿದೆ. ಅಂಕುಶವಿಲ್ಲದ್ದು. ಇದನ್ನು ಕೇಳಿದರೆ ಆನೆ ತಾನಾಗಿ ಮದವೇರಿ ಸರಪಳಿ ಹರಿದುಕೊಂಡಿತೆಂದು ಅನ್ನಿಸುತ್ತದೆ. ಜರ್ಮನಿಯಲ್ಲಿ ನಡೆದದ್ದು ಹಾಗಲ್ಲ, ಅಂಕುಶವನ್ನು ಮಾವುತರೇ ಬಿಟ್ಟುಕೊಟ್ಟರು.

ಫೆಬ್ರವರಿ 27ರ ರಾತ್ರಿ ಸಂಸತ್ ಭವನ ರೈಷ್‌ಸ್ಟಾಗ್ ಹೊತ್ತಿ ಉರಿಯಿತು. ಒಳಗೆ ಸಿಕ್ಕಿಬಿದ್ದವನು 24 ವರ್ಷದ ಡಚ್ ಯುವಕ ಮರಿನಸ್ ಫಾನ್ ಡರ್ ಲುಬ್ಬೆ. ಮಾರನೆಯ ದಿನವೇ ಹಿಂಡೆನ್‌ಬರ್ಗ್ ಸಹಿಯಲ್ಲಿ ಇನ್ನೊಂದು ಸುಗ್ರೀವಾಜ್ಞೆ ಬಂತು, ಅದೇ 48ನೇ ವಿಧಿಯಡಿ. ಮಾತು, ಪತ್ರಿಕೆ, ಸಭೆ, ಸಂಘ, ಅಂಚೆಯ ಗೋಪ್ಯ, ಮನೆಯೊಳಗಿನ ರಕ್ಷಣೆ, ವಿಚಾರಣೆಯಿಲ್ಲದೆ ಬಂಧಿಸಬಾರದೆಂಬ ಹಕ್ಕು ಎಲ್ಲವೂ ‘ಮುಂದಿನ ಆದೇಶದವರೆಗೆ’ ಅಮಾನತು. ಮುಂದಿನ ಆದೇಶ ಬರಲೇ ಇಲ್ಲ. 1945ರಲ್ಲಿ ಬರ್ಲಿನ್ ಬೀಳುವ ತನಕ ಅದು ಜಾರಿಯಲ್ಲಿತ್ತು. ಸಾವಿರಾರು ಜನ ಸೆರೆಯಾದರು. ಆ ಭಯದ ನಡುವೆ ಮಾರ್ಚ್ 5ರಂದು ಚುನಾವಣೆ ನಡೆಯಿತು. ಬೀದಿ ಅವನದು, ಪೊಲೀಸು ಅವನದು, ರೇಡಿಯೋ ಅವನದು. ಅಷ್ಟಾದರೂ ಬಂದ ಮತ ಶೇ 43.9. ಭಾರಿ ಬಹುಮತ ಎಂದು ಬರೆದ ಓದುಗ ಮಿತ್ರರು ಈ ಒಂದು ಅಂಕಿಯನ್ನಾದರೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಬಹಳ ಹೊತ್ತು ನಿಲ್ಲುವುದು ಮಾರ್ಚ್ 23, ಗುರುವಾರದ ಮೇಲೆ. ಸಂಸತ್ತಿನ ಒಪ್ಪಿಗೆಯಿಲ್ಲದೆ, ಸಂವಿಧಾನಕ್ಕೆ ವಿರುದ್ಧವಾಗಿಯೂ ಸಂಪುಟವೇ ಕಾನೂನು ಮಾಡಬಹುದೆಂಬ ಮಸೂದೆ ಅಂದು ಬಂತು. ಐದೇ ಕಲಮು, ಒಂದು ಹಾಳೆಯ ಕಾಗದ. ಅಂಗೀಕಾರಕ್ಕೆ ಮೂರನೇ ಎರಡು ಬಹುಮತ ಬೇಕು. ಸದನದ ಬಲ 647. ಮೂರನೇ ಎರಡೆಂದರೆ 432. ನಾಜಿಗಳು ಮತ್ತು ಅವರ ಜೊತೆಗಾರರು ಸೇರಿ 340. ತೊಂಬತ್ತೆರಡು ಕಡಿಮೆ. ಕಮ್ಯುನಿಸ್ಟರು 81, ಸೋಶಿಯಲ್ ಡೆಮಾಕ್ರಟರು 120, ಕ್ಯಾಥೊಲಿಕರ ಸೆಂಟರ್ ಪಕ್ಷದವರು ಎಪ್ಪತ್ತಕ್ಕೂ ಹೆಚ್ಚು. ಇವರೆಲ್ಲ ಬಂದು ಕೂತು ಬೇಡವೆಂದರೆ ಮಸೂದೆ ಅಲ್ಲೇ ಬಿದ್ದುಹೋಗುತ್ತಿತ್ತು. ಆದ್ದರಿಂದ 81 ಕಮ್ಯುನಿಸ್ಟರಲ್ಲಿ ಒಬ್ಬರನ್ನೂ ಬಾಗಿಲೊಳಗೆ ಬಿಡಲಿಲ್ಲ, ಸೆರೆಯಲ್ಲಿದ್ದವರು ಸೆರೆಯಲ್ಲಿ, ತಲೆಮರೆಸಿಕೊಂಡವರು ಎಲ್ಲೆಲ್ಲೋ. ಸೋಶಿಯಲ್ ಡೆಮಾಕ್ರಟರಲ್ಲಿ 26 ಜನ ಬರುವ ಸ್ಥಿತಿಯಲ್ಲಿರಲಿಲ್ಲ. ಯೂಲಿಯಸ್ ಲೇಬರ್ ಎಂಬ ಸದಸ್ಯರನ್ನು ಸಭೆಗೆ ಬರುತ್ತಿರುವಾಗಲೇ ಹಿಡಿದುಕೊಂಡು ಹೋದರು.

ವಿರೋಧಿಗಳು ಸಭೆಗೇ ಬಾರದೆ ಕೋರಂ ಮುರಿದರೆ? ಅದಕ್ಕೂ ದಾರಿ ಹುಡುಕಿದ್ದರು. ಸಭಾಧ್ಯಕ್ಷ ಪೀಠದಲ್ಲಿದ್ದವನು ಗೋರಿಂಗ್. ನಿಯಮವನ್ನೇ ತಿದ್ದಿ, ರಜೆ ಕೇಳದೆ ಗೈರಾದವರನ್ನು ಹಾಜರೆಂದೇ ಲೆಕ್ಕ ಹಿಡಿಯಬೇಕೆಂದು ಮಾಡಿದರು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದವನು ನಾನು. ಬಾರದ ಮಗುವಿನ ಹೆಸರಿನ ಮುಂದೆ ಹಾಜರಿ ಹಾಕಿದ ಮೇಷ್ಟ್ರಿಗೆ ಏನು ಶಿಕ್ಷೆಯೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಡೀ ದೇಶದ ಸಂಸತ್ತಿನಲ್ಲಿ ಸೆರೆಮನೆಯಲ್ಲಿದ್ದವರಿಗೂ ಹಾಜರಿ ಬೀಳುವ ಹಾಗೆ ಮಾಡಿದರು ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸುಟ್ಟ ಭವನದ ಬದಲು ಎದುರಿಗಿದ್ದ ಕ್ರೋಲ್ ಒಪೆರಾ ಎಂಬ ಸಂಗೀತ ನಾಟಕಶಾಲೆಯಲ್ಲಿ ಸಭೆ. ವೇದಿಕೆಯ ಹಿಂದೆ ದೊಡ್ಡ ಸ್ವಸ್ತಿಕದ ಬಾವುಟ, ಸಾಲುಗಳ ನಡುವೆ ಕಂದು ಅಂಗಿಯವರು, ಹೊರಗೆ ಘೋಷಣೆ. ಮಸೂದೆಯ ವಿರುದ್ಧ ಮಾತಾಡಲು ಎದ್ದವರು ಒಬ್ಬರೇ, ಸೋಶಿಯಲ್ ಡೆಮಾಕ್ರಟರ ನಾಯಕ ಓಟೋ ವೆಲ್ಸ್. ವಯಸ್ಸು 59. ಗೋಡೆಗೆ ಕಾಗದ ಅಂಟಿಸುವ ಕಸುಬಿನಿಂದ ಮೇಲೆ ಬಂದವರು, ಭಾಷಣಕಾರರೆಂದು ಹೆಸರಾದವರಲ್ಲ. ಅವರು ಅಂದದ್ದು: “ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ನಮ್ಮಿಂದ ಕಿತ್ತುಕೊಳ್ಳಬಹುದು, ಮಾನವನ್ನಲ್ಲ.” ಹಿಟ್ಲರ್ ರೇಗಿ ಮತ್ತೆ ಎದ್ದು ಬಂದು ಅವರ ಮೇಲೆ ಹರಿಹಾಯ್ದ.

ಸೆಂಟರ್ ಪಕ್ಷದ ನಾಯಕ ಲುಡ್ವಿಗ್ ಕಾಸ್ ಪಾದ್ರಿ. ಮಸೂದೆಗೆ ಒಪ್ಪಿಗೆ ಕೊಡುವುದು ಬೇಡವೆಂದು ಸಭೆಗೆ ಮೊದಲು ಪಕ್ಷದೊಳಗೆ ವಾದಿಸಿದವನು ಅದೇ ಪಕ್ಷದ ಬ್ರ್ಯೂನಿಂಗ್, ಆ ಹಿಂದಿನ ಚಾನ್ಸಲರ್. ಅವನ ಸುಗ್ರೀವಾಜ್ಞೆಗಳ ಬಗ್ಗೆ ಮೇಲೆ ಬರೆದೆನಲ್ಲ, ಈ ಮಾತನ್ನೂ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆದರೆ ಚರ್ಚು, ಶಾಲೆಗಳನ್ನು ಮುಟ್ಟುವುದಿಲ್ಲವೆಂದು ಹಿಟ್ಲರ್ ಬಾಯಲ್ಲಿ ಹೇಳಿದ್ದ, ಬರಹದಲ್ಲಿ ಭರವಸೆ ಕೊಡುತ್ತೇನೆಂದೂ ಅಂದಿದ್ದ. ಆ ಪತ್ರಕ್ಕೆ ಕಾಯುತ್ತ ಕಾಯುತ್ತ ಪಕ್ಷ ಇಡಿಯಾಗಿ ಪರವಾಗಿ ಮತ ಹಾಕಿತು, ಕೊನೆಗೆ ಬ್ರ್ಯೂನಿಂಗ್ ಕೂಡ. ಪತ್ರ ಬರಲಿಲ್ಲ. ಐವರು ಉದಾರವಾದಿಗಳೂ ಮನಸ್ಸಿಲ್ಲದೆ ಹೌದೆಂದರು. ಅವರಲ್ಲೊಬ್ಬರಾದ ಥಿಯೋಡೋರ್ ಹಾಯ್ಸ್ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷರಾದರು. ಪರ 444, ವಿರುದ್ಧ 94. ಆ 94 ಮತವೂ ಒಂದೇ ಪಕ್ಷದ್ದು. ಹದಿನಾರು ವಾರದಲ್ಲಿ, ಜುಲೈ 14ಕ್ಕೆ, ನಾಜಿ ಪಕ್ಷವೊಂದನ್ನುಳಿದು ಬೇರೆ ಪಕ್ಷವಿರುವುದೇ ಅಪರಾಧವಾಯಿತು. ಹೌದೆಂದ ಸೆಂಟರ್ ಪಕ್ಷ ಅದಕ್ಕೆ ಒಂಬತ್ತು ದಿನ ಮೊದಲು ತನ್ನನ್ನು ತಾನೇ ವಿಸರ್ಜಿಸಿಕೊಂಡಿತ್ತು.

ಇಟಲಿಯ ಕಥೆಯೂ ಇದಕ್ಕೆ ಹತ್ತಿರದ್ದೇ. ಮುಸೊಲಿನಿ ರೋಮ್‌ಗೆ ದಂಡೆತ್ತಿ ಹೋಗಿ ಗೆದ್ದನೆಂದು ನಾವು ಓದಿದ್ದೇವೆ. 1921ರಲ್ಲಿ ಅವನವರು ಗೆದ್ದದ್ದು 535ರಲ್ಲಿ 35 ಸ್ಥಾನ, ಅದೂ ಹಿರಿಯ ರಾಜಕಾರಣಿ ಜೊಲಿಟ್ಟಿ ತನ್ನ ಪಟ್ಟಿಯಲ್ಲಿ ಜಾಗ ಕೊಟ್ಟಿದ್ದರಿಂದ. 1922ರ ಅಕ್ಟೋಬರ್ 28ರಂದು ಮಳೆಯಲ್ಲಿ ನೆನೆಯುತ್ತ ಬಂದ ಕಪ್ಪಂಗಿಯವರನ್ನು ಸೇನೆ ತಡೆಯಬಹುದಿತ್ತು. ಪ್ರಧಾನಿ ಫಾಕ್ಟಾ ಸೇನಾಡಳಿತದ ಆಜ್ಞೆ ಸಿದ್ಧಮಾಡಿಕೊಂಡು ಹೋದರೆ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಸಹಿ ಹಾಕಲು ಒಪ್ಪಲಿಲ್ಲ. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದ. 1924ರ ಮೇ 30ರಂದು ಜಾಕೊಮೊ ಮತ್ತೆಯೊತ್ತಿ ಎಂಬ ಸಮಾಜವಾದಿ ಸದಸ್ಯರು ಚುನಾವಣೆಯ ಅಕ್ರಮಗಳನ್ನು ಸಂಸತ್ತಿನಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟರು. ಜೂನ್ 10ರಂದು ಟೈಬರ್ ನದಿ ದಂಡೆಯ ರಸ್ತೆಯಲ್ಲಿ ಅವರನ್ನು ಕಾರಿಗೆ ಎಳೆದುಕೊಂಡು ಹೋಗಿ ಕೊಂದರು. ಹೆಣ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಆಗಲೂ ದೊರೆ ಸುಮ್ಮನಿದ್ದ.

ಇಲ್ಲಿ ಪದದ ಬಗ್ಗೆ ಒಂದು ಮಾತು ಹೇಳಬೇಕು. ನಾವು ‘ಸರ್ವಾಧಿಕಾರಿ’ ಎಂಬ ಒಂದೇ ಹೆಸರನ್ನು ಎಲ್ಲರಿಗೂ ಇಡುತ್ತೇವೆ. ಪೋಲೆಂಡಿನ ಪಿಲ್ಸುಡ್ಸ್ಕಿ, ಹಂಗೇರಿಯ ಹೋರ್ತಿ, ಪೋರ್ಚುಗಲ್‌ನ ಸಾಲಜಾರ್ ಕೂಡ ದರ್ಪದಿಂದಲೇ ಆಳಿದರು. ಜನ ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಬಹುಮಟ್ಟಿಗೆ ಸಾಕಾಗಿತ್ತು. ಮುಸೊಲಿನಿ ಕೇಳಿದ್ದು ಅದಕ್ಕಿಂತ ಹೆಚ್ಚು: ಎಲ್ಲವೂ ಪ್ರಭುತ್ವದೊಳಗೆ, ಪ್ರಭುತ್ವದ ಹೊರಗೆ ಏನೂ ಇಲ್ಲ, ಪ್ರಭುತ್ವದ ವಿರುದ್ಧ ಏನೂ ಇಲ್ಲ. ಇದಕ್ಕೆ ‘ಸರ್ವಂಕಷ’ ಎಂಬ ಪದವೇ ಸರಿ. ಇಟಲಿಯಲ್ಲಿ ಅಂಥ ಪದವನ್ನು 1923ರಲ್ಲಿ ಮೊದಲು ಬಳಸಿದವರು ಅದನ್ನು ವಿರೋಧಿಸಿದ ಜೊವಾನ್ನಿ ಅಮೆಂಡೋಲ. ಫ್ಯಾಸಿಸ್ಟರ ಹೊಡೆತದ ಗಾಯದಿಂದಲೇ ಅವರು 1926ರಲ್ಲಿ ತೀರಿಕೊಂಡರು. 1931ರಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಬೇಕಾಯಿತು. 1,200ಕ್ಕೂ ಹೆಚ್ಚು ಜನರಲ್ಲಿ ಒಲ್ಲೆವೆಂದು ಕೆಲಸ ಬಿಟ್ಟವರು ಹನ್ನೆರಡರ ಆಸುಪಾಸು. ಸಂಬಳ, ಮಕ್ಕಳ ಓದು, ಮನೆ ಬಾಡಿಗೆ ಇದ್ದ ಮೇಷ್ಟ್ರು ನಾನೂ ಆಗಿದ್ದವನಾದ್ದರಿಂದ ಸಹಿ ಹಾಕಿದವರನ್ನು ಬೈಯಲು ನನ್ನ ನಾಲಿಗೆ ಏಳುವುದಿಲ್ಲ. ಆ ಹನ್ನೆರಡು ಜನಕ್ಕೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಸೋವಿಯತ್ ರಷ್ಯಾದ ದಾರಿ ಬೇರೆ, ಅಲ್ಲಿ ಗದ್ದುಗೆ ಹಿಡಿದದ್ದು ಕ್ರಾಂತಿಯಿಂದ. ಆದರೆ ಸರ್ವಂಕಷ ಪ್ರಭುತ್ವ ತನ್ನವರನ್ನೇ ಹೇಗೆ ತಿನ್ನುತ್ತದೆಂಬುದಕ್ಕೆ ಅಲ್ಲಿನ ಒಂದು ಲೆಕ್ಕ ಸಾಕು. 1934ರ ಪಕ್ಷದ ಮಹಾಧಿವೇಶನಕ್ಕೆ ಬಂದ ಪ್ರತಿನಿಧಿಗಳು 1,966. ಮುಂದಿನ ವರ್ಷಗಳಲ್ಲಿ ಸ್ಟಾಲಿನ್ ಆಡಳಿತ ಬಂಧಿಸಿದ್ದು ಅವರಲ್ಲಿ 1,108 ಜನರನ್ನು.

ಎಲ್ಲ ಕಡೆಯೂ ಹೀಗೇ ಆಗಬೇಕಿತ್ತೇ? ಇದನ್ನು ನನ್ನ ಶಿಷ್ಯೆ ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು. ಫಿನ್‌ಲೆಂಡಿನಲ್ಲಿ ಲಾಪುವಾ ಎಂಬ ಕಟ್ಟಾ ಬಲಪಂಥೀಯ ಚಳವಳಿಯವರು 1932ರ ಫೆಬ್ರವರಿ ಕೊನೆಯಲ್ಲಿ ಮೆಂಟ್ಸೆಲೆ ಎಂಬ ಊರಲ್ಲಿ ಬಂದೂಕು ಹಿಡಿದು ಕೂತು, ಸರ್ಕಾರ ಇಳಿಯಲಿ ಎಂದರು. ರಾಷ್ಟ್ರಾಧ್ಯಕ್ಷ ಸ್ವಿನ್‌ಹುವುದ್ ಕಟ್ಟಾ ಸಂಪ್ರದಾಯಸ್ಥ, ಅವರ ಬೆಂಬಲದಿಂದಲೇ ಹಿಂದಿನ ವರ್ಷ ಗೆದ್ದವನು. ಅವನು ಮಾರ್ಚ್ 2ರಂದು ರೇಡಿಯೋದಲ್ಲಿ ಮಾತಾಡಿ, ಮನೆಗೆ ಹೋಗಿ, ಹೋದವರಿಗೆ ಶಿಕ್ಷೆಯಿಲ್ಲ, ನಾಯಕರನ್ನು ಬಿಡುವುದಿಲ್ಲ ಎಂದ. ಕೆಲವೇ ದಿನದಲ್ಲಿ ಗುಂಪು ಕರಗಿತು. ಕಮ್ಯುನಿಸ್ಟರನ್ನು ಹತ್ತಿಕ್ಕಲು ಲಾಪುವಾದವರೇ ಹಟಮಾಡಿ ತರಿಸಿದ್ದ ಕಾನೂನಿನಡಿ ಲಾಪುವಾವನ್ನೇ ನಿಷೇಧಿಸಿದರು. ಬೆಲ್ಜಿಯಂನಲ್ಲಿ ಲಿಯೋನ್ ಡಿಗ್ರೆಲ್ ಎಂಬವನ ಫ್ಯಾಸಿಸ್ಟ್ ಒಲವಿನ ಪಕ್ಷ 1936ರಲ್ಲಿ ಹಠಾತ್ತಾಗಿ 21 ಸ್ಥಾನ ಗೆದ್ದಿತು. ಮರುವರ್ಷ ಏಪ್ರಿಲ್‌ನಲ್ಲಿ ಬ್ರಸೆಲ್ಸ್ ಉಪಚುನಾವಣೆಗೆ ಅವನೇ ನಿಂತಾಗ ಕ್ಯಾಥೊಲಿಕರು, ಉದಾರವಾದಿಗಳು, ಸಮಾಜವಾದಿಗಳು ಒಟ್ಟಾಗಿ ಪ್ರಧಾನಿ ಫಾನ್ ಜೀಲೆಂಡ್‌ರನ್ನೇ ಎದುರಿಗೆ ನಿಲ್ಲಿಸಿದರು, ಕಮ್ಯುನಿಸ್ಟರೂ ಬೆಂಬಲಿಸಿದರು. ಡಿಗ್ರೆಲ್‌ಗೆ ಸಿಕ್ಕಿದ್ದು ಶೇ 19ರಷ್ಟು ಮತ. ಅಲ್ಲೂ ನಿರುದ್ಯೋಗವಿತ್ತು, ಸಿಟ್ಟಿತ್ತು, ಚೆನ್ನಾಗಿ ಭಾಷಣ ಮಾಡುವವನೂ ಇದ್ದ. ನನ್ನ ನಾಲ್ಕು ಪಾಯಿಂಟಿನಲ್ಲಿ ಮೂರು ಅಲ್ಲೂ ಇದ್ದವು.

2018ರಲ್ಲಿ ಬರ್ಲಿನ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಎಲ್ಲಿಗೆ ಹೋಗೋಣ ಅಪ್ಪ ಅಂದಾಗ ರೈಷ್‌ಸ್ಟಾಗ್ ಎಂದೆ. ಕ್ರೋಲ್ ಒಪೆರಾ ಈಗಿಲ್ಲ, ಯುದ್ಧದ ನಂತರ ಕೆಡವಿದ್ದಾರೆ. ಅದು ಇದ್ದ ದಿಕ್ಕಿನಲ್ಲಿ ಹುಲ್ಲು ಬೆಳೆದಿದೆ. ರೈಷ್‌ಸ್ಟಾಗ್ ಎದುರಿನ ಒಂದು ಮೂಲೆಯಲ್ಲಿ ಕಪ್ಪು ಕಬ್ಬಿಣದ ಹಲಗೆಗಳನ್ನು ನಮ್ಮ ಮಕ್ಕಳ ಸ್ಲೇಟುಗಳನ್ನು ಜೋಡಿಸಿಟ್ಟಂತೆ ಸಾಲಾಗಿ ನಿಲ್ಲಿಸಿದ್ದಾರೆ. ಒಟ್ಟು 96. ನಾಜಿಗಳ ಕೈಯಲ್ಲಿ ಸತ್ತ ಸಂಸತ್ ಸದಸ್ಯರ ಹೆಸರುಗಳು ಅವು. ಪ್ರತಿ ಹಲಗೆಯ ಅಂಚಿನ ಮೇಲೆ ಹೆಸರು, ಪಕ್ಷ, ಸತ್ತ ದಿನ, ಸತ್ತ ಜಾಗ. ಬಗ್ಗಿ ನೋಡಿದರಷ್ಟೇ ಓದಲಾಗುತ್ತದೆ. ನಾನು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಓದುತ್ತ ಹೋದೆ. 1932ರಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದ ಕಮ್ಯುನಿಸ್ಟರೂ ಸೋಶಿಯಲ್ ಡೆಮಾಕ್ರಟರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಮಗಳು ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು. ಮಾರ್ಚ್ 23ರಂದು ಬಾಗಿಲಲ್ಲೇ ಬಂಧಿತರಾದ ಯೂಲಿಯಸ್ ಲೇಬರ್, ಮುಂದೆ ಬಿಡುಗಡೆಯಾಗಿ, ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದು, 1945ರ ಜನವರಿ 5ರಂದು ಗಲ್ಲಿಗೇರಿದರು. ಓಟೋ ವೆಲ್ಸ್ ದೇಶ ಬಿಟ್ಟು ಪ್ರಾಗ್‌ಗೆ, ಅಲ್ಲಿಂದ ಪ್ಯಾರಿಸ್‌ಗೆ ಹೋಗಿ, 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾಗಿ ಎರಡು ವಾರಕ್ಕೆ, ಅಲ್ಲೇ ತೀರಿಕೊಂಡರು.

ಸಂಪಾದಕರೇ, ನನ್ನ ಕೋರಿಕೆ ಎರಡು. ಭಾರಿ ಬಹುಮತ ಎಂಬ ಆ ಸಾಲಿಗೆ ದಯವಿಟ್ಟು ತಿದ್ದುಪಡಿ ಹಾಕಿ. ಅದನ್ನು ಕತ್ತರಿಸಿ ನೋಟ್ಸಿಗೆ ಅಂಟಿಸಿಕೊಳ್ಳುವ ಮಕ್ಕಳಿದ್ದಾರೆ. ಎರಡನೆಯದು ಈಗ ಪಾಠ ಹೇಳುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ. ನಾಲ್ಕು ಪಾಯಿಂಟು ಬರೆಸಿ, ಪರೀಕ್ಷೆಗೆ ಬೇಕು. ಬರೆಸಿದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು ಆ ಗುರುವಾರದ ಕಥೆ ಹೇಳಿ.

ಎರಡನೇ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಮೂವತ್ತು ದಾಟಿರಬೇಕು, ಅವಳ ಮಕ್ಕಳೇ ಶಾಲೆಗೆ ಹೋಗುತ್ತಿರಬಹುದು. ಈ ಪತ್ರಿಕೆ ಅವಳ ಕೈಗೆ ಸಿಕ್ಕಿದರೆ ಅಂದು ಕೊಡದ ಉತ್ತರ ಇಲ್ಲಿದೆ. ಹೇಳಿದರಮ್ಮ. ಬಂದೂಕು ಹಿಡಿದವರು ಸುತ್ತ ನಿಂತಿರುವಾಗ 94 ಜನ ಬೇಡ ಅಂದರು. ಬೇಡ ಅನ್ನಬೇಕಾಗಿದ್ದ ಇನ್ನೂ ನೂರಕ್ಕೂ ಹೆಚ್ಚು ಜನರನ್ನು ಒಳಗೆ ಬಿಡಲಿಲ್ಲ. ನೀನು ಕೇಳಿದ್ದು ಸರಿಯಾದ ಪ್ರಶ್ನೆ, ಕೂತ್ಕೋ ಅಂದದ್ದು ನನ್ನ ತಪ್ಪು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ, ತಿಪಟೂರು